ಹೆಸರಿಲ್ಲದ ಹೊತ್ತಿನ ಪರೀಕ್ಷೆ

ಈ ಭೂಮಿಯ ಮೇಲೆ ನನ್ನಷ್ಟು ಸಲ ಕಂಪ್ಯೂಟರು ಕೆಡಿಸಿದ ಹೆಂಗಸು ಇನ್ನೊಬ್ಬಳಿಲ್ಲ. ಹನ್ನೆರಡು ದಿನಗಳಲ್ಲಿ ಒಂದೇ ಕಂಪ್ಯೂಟರನ್ನು ನಾನೂರು ಸಲ ಕೆಡಿಸಿದ್ದೇನೆ, ಅದೂ ಕೂತಲ್ಲಿಂದ ಏಳದೆ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು. ಇದರಲ್ಲಿ ಅರ್ಧ ಸುಳ್ಳು ಎಂದು ನಾನೇ ಒಪ್ಪಿಕೊಳ್ಳುತ್ತೇನೆ. ಯಾವ ಅರ್ಧ ಎಂದು ಮಾತ್ರ ಕೇಳಬೇಡಿ. ಹೇಳಿ ಹೇಳಿ ಈಗ ನನಗೂ ಗುರುತು ಸಿಗುವುದಿಲ್ಲ. ನನ್ನ ಹೆಸರು ನಿಂಗಾಜಮ್ಮ. ಓದಿದ್ದು ಎರಡನೇ ಕ್ಲಾಸು. ಎರಡು ಸಲ ಓದಿದ್ದರಿಂದ ನಾಲ್ಕು ಎಂದು ಹೇಳಿಕೊಂಡು ತಿರುಗುತ್ತೇನೆ. ಗಂಡ ಹೋಗಿ ಇಪ್ಪತ್ತೊಂದು ವರ್ಷವಾಯಿತು. ಅವನಿದ್ದಿದ್ದರೆ ಆರು ಎನ್ನುತ್ತಿದ್ದ. ಸುಳ್ಳಿನಲ್ಲಿ ಅವನೇ ನನಗೆ ಗುರು.

ನಮ್ಮೂರಿನ ಮಧ್ಯಾಹ್ನದ ವಿಷಯ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಹತ್ತುವುದಿಲ್ಲ. ಎರಡು ಗಂಟೆಗೆ ನಮ್ಮೂರಲ್ಲಿ ವಸ್ತುಗಳ ಹೆಸರು ಹೋಗುತ್ತವೆ. ನಾಲ್ಕು ಗಂಟೆಗೆ ವಾಪಸು ಬರುತ್ತವೆ. ಮನುಷ್ಯರ ಹೆಸರು ಹೋಗುವುದಿಲ್ಲ, ಅಕ್ಕ ಅಜ್ಜಿ ಎನ್ನುವುದು ಹೋಗುವುದಿಲ್ಲ, ಒಂದು ಎರಡು ಮೂರು ಹೋಗುವುದಿಲ್ಲ. ಆದರೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತು ಯಾವುದೇ ಇರಲಿ, ಚೊಂಬು, ಚಾಪೆ, ಬಾಗಿಲು, ಬದನೆಕಾಯಿ, ಎಲ್ಲದರ ಹೆಸರೂ ಖಾಲಿ. ಯಾರಾದರೂ ಹೇಳಿದರೂ ಕಿವಿಗೆ ಬರೀ ಗಾಳಿ ಬರುತ್ತದೆ. ಬರೆದದ್ದಂತೂ ಪೂರಾ ಹೋಗುತ್ತದೆ; ಅಂಕಿ ಬಿಟ್ಟರೆ ಮಿಕ್ಕಿದ್ದೆಲ್ಲ ಇರುವೆ ಸಾಲು. ಅದಕ್ಕೆ ನಮ್ಮಲ್ಲಿ ಎರಡರ ಮೇಲೆ ಯಾರೂ ಮುಹೂರ್ತ ಇಡುವುದಿಲ್ಲ, ಔಷಧದ ಅಂಗಡಿ ಕದ ಹಾಕಿಕೊಳ್ಳುತ್ತದೆ. ಮನೆಯಲ್ಲಿ ಕುಡಿಯೋದು ತಾ, ಕೂರೋದು ಹಾಕು, ತಿರುಗೋದನ್ನು ನಿಲ್ಲಿಸು ಎಂದುಕೊಂಡು ಸಂಸಾರ ನಡೆಸುತ್ತೇವೆ. ಬೇರೆ ಊರಿಗೆ ಹೋದರೂ ಇಲ್ಲಿ ಹುಟ್ಟಿದವರನ್ನು ಇದು ಬಿಡುವುದಿಲ್ಲ. ನನ್ನ ತಂಗಿಯ ಮಗಳು ಗಂಡನ ಊರಿನ ಸಂತೆಯಲ್ಲಿ ಎರಡೂವರೆಗೆ ಈರುಳ್ಳಿ ಅಂಗಡಿ ಮುಂದೆ ನಿಂತು, "ಅಳಿಸೋದು ಎರಡು ಕಿಲೋ ಕೊಡಿ" ಎಂದಳಂತೆ. ಅಂಗಡಿಯವನು, "ನಿಮ್ಮತ್ತೆ ಇಲ್ಲಿಲ್ಲಮ್ಮ, ಮನೇಲೇ ಅವ್ರೆ" ಎಂದನಂತೆ. ಅವಳು ಆಮೇಲೆ ಮಧ್ಯಾಹ್ನ ಹೊರಗೆ ಕಾಲಿಟ್ಟಿಲ್ಲ.

ಅಂಬುಜಾಕ್ಷಿ ನನ್ನ ಪಕ್ಕದ ಮನೆಯವಳು. ವಯಸ್ಸು ನಲವತ್ತಮೂರು. ಒಬ್ಬಳೇ. ಇಪ್ಪತ್ತೆರಡು ವರ್ಷ ನಮ್ಮೂರಿನ ಒಂದೇ ಒಂದು ಟಾಕೀಸಿನಲ್ಲಿ ಟಾರ್ಚು ಹಿಡಿದು ಜನರನ್ನು ಸೀಟಿಗೆ ಮುಟ್ಟಿಸಿದಳು. ಮಧ್ಯಾಹ್ನದ ಆಟಕ್ಕೆ ನಮ್ಮೂರಲ್ಲಿ ಯಾವಾಗಲೂ ನೂಕುನುಗ್ಗಲು. ಹೆಸರೇ ಇಲ್ಲದ ಹೊತ್ತಿನಲ್ಲಿ ಕತ್ತಲಲ್ಲಿ ಕೂತು ಕುಣಿತ ನೋಡುವುದು ಬಿಟ್ಟರೆ ಮಾಡುವುದಾದರೂ ಏನು? ಸೀಟು ಎನ್ನದೆ, ಮೆಟ್ಟಿಲು ಎನ್ನದೆ, ಬರೀ ದನಿಯಲ್ಲೇ ಅವಳು ಕರೆದೊಯ್ಯುತ್ತಿದ್ದಳು. "ಬನ್ನಿ, ಇನ್ನೆರಡು, ಈಗ ಸ್ವಲ್ಪ ಕೆಳಗೆ, ಮೆಲ್ಲಗೆ, ಹಾಂ, ಅಲ್ಲೇ ಕೂತ್ಕೊಳಿ." ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಇನ್ನೊಬ್ಬರ ತೊಡೆಯ ಮೇಲೆ ಕೂರಲಿಲ್ಲ. ಒಬ್ಬಳು ಕೂತಳು, ಅವರಿಬ್ಬರಿಗೆ ಆಮೇಲೆ ಮದುವೆಯೇ ಆಯಿತು.

ಹೋದ ವರ್ಷ ಟಾಕೀಸು ಮುಚ್ಚಿತು. ಪರದೆ ಬಿಚ್ಚಿ ಯಾರೋ ರಾಗಿ ಒಣಗಿಸಲು ಒಯ್ದರು. ಅದೇ ಹೊತ್ತಿಗೆ ಹಳೆಯ ಗೋದಾಮಿನಲ್ಲಿ ಒಂದು ಸಹಾಯ ಕೇಂದ್ರ ತೆರೆಯಿತು. ಎಲ್ಲೆಲ್ಲಿಯದೋ ಜನ ಕಂಪ್ಯೂಟರು ಕೈಕೊಟ್ಟಾಗ ಅಲ್ಲಿಗೆ ಫೋನು ಮಾಡುತ್ತಾರೆ, ಇಲ್ಲಿ ಕೂತವರು ಹೀಗೆ ಒತ್ತಿ ಹಾಗೆ ಒತ್ತಿ ಎಂದು ಹೇಳಿ ಸರಿ ಮಾಡುತ್ತಾರೆ. ವಯಸ್ಸು ಕೇಳುವುದಿಲ್ಲ, ಹಿಂದೆ ಏನು ಮಾಡುತ್ತಿದ್ದಿರಿ ಎಂದೂ ಕೇಳುವುದಿಲ್ಲ, ಪರೀಕ್ಷೆ ಪಾಸಾದ ಒಂದು ಪ್ರಮಾಣಪತ್ರ ಮಾತ್ರ ಇರಬೇಕು. ಆರು ತಿಂಗಳೊಳಗೆ ಅದನ್ನು ತೋರಿಸಿದವರಿಗೆ ಮೇಜು. ತೋರಿಸದಿದ್ದರೆ ಅಂಬು ತನ್ನ ಅಕ್ಕನ ಊರಿಗೆ ಹೋಗಬೇಕು. ಅಲ್ಲಿ ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಜಾಡಿಗಳಿಗೆ ಮುಚ್ಚಳ ತಿರುಗಿಸುವ ಕೆಲಸವೊಂದು ಅವಳಿಗಾಗಿ ಕಾಯುತ್ತಿತ್ತು. ದಿನಾ ಮಧ್ಯಾಹ್ನ ಎರಡು ತಾಸು ಅಲ್ಲಿಯವರೆಲ್ಲ ಅವಳ ಬಾಯಿ ನೋಡಿ ನಗುವುದೂ ಅದರ ಜೊತೆಗೇ ಕಾಯುತ್ತಿತ್ತು.

ಅವಳು ಪುಸ್ತಕ ತರಿಸಿಕೊಂಡಳು. ಫೋನಿನಲ್ಲಿ ಪಾಠ ನೋಡಿದಳು. ಬೆಳಿಗ್ಗೆ ದೋಸೆ ಹುಯ್ಯುತ್ತ ಏನೇನೋ ಬಾಯಿಪಾಠ ಹೇಳುತ್ತಿದ್ದಳು, ಗೋಡೆಯಾಚೆ ಕೂತು ಕೇಳಿ ಕೇಳಿ ನನಗೇ ಅರ್ಧ ಬಂದುಬಿಟ್ಟಿತ್ತು. ಟಾಕೀಸಿನಲ್ಲಿ ಟಿಕೆಟ್ ಹರಿದುಕೊಡುತ್ತಿದ್ದ ವಾಮನಾಚಾರಿ ಒಂದು ದಿನ ನಮ್ಮ ಜಗುಲಿಗೆ ಬಂದು ಕೂತ.

"ಏನ್ ನಿಂಗಾಜಮ್ನೋರೇ, ಟಾರ್ಚ್ ಹಿಡಿಯೋಳು ಈಗ ಕಂಪ್ಯೂಟರ್ ಹಿಡೀತಾಳಂತೆ?"

"ಹೂಂ ಕಣಯ್ಯ. ಟಿಕೆಟ್ ಹರಿಯೋರು ಇನ್ನೂ ಜಗುಲಿ ಹಿಡ್ಕಂಡೇ ಕುಂತವ್ರೆ."

"ಈ ವಯಸ್ಸಲ್ಲಿ ತಲೇಗೆ ಹತ್ತತದಾ ಅದೆಲ್ಲ?"

"ಹತ್ತೋಕೆ ತಲೆ ಅಂತ ಒಂದಿರಬೇಕು. ಅವಳಿಗೈತೆ. ನೀನು ಕಾಫಿ ಕುಡ್ಕಂಡು ಎದ್ದೋಗು."

ಬರೆಯುವ ಪರೀಕ್ಷೆ ಬೆಳಿಗ್ಗೆ ಹತ್ತಕ್ಕೆ ನಡೆಯಿತು. ಮೊದಲ ಸಲ ಹೋಯಿತು, ಎರಡನೇ ಸಲ ಬಂತು. ಉಳಿದದ್ದು ಕೊನೆಯದೊಂದು, ಮಾತಿನ ಪರೀಕ್ಷೆ. ದೂರದಲ್ಲೆಲ್ಲೋ ಕೂತ ಪರೀಕ್ಷಕರು ಗಿರಾಕಿಯ ಹಾಗೆ ನಟಿಸುತ್ತ ಕಂಪ್ಯೂಟರಿನಲ್ಲೇ ಕರೆ ಮಾಡುತ್ತಾರೆ, ಏನು ಕೆಟ್ಟಿದೆ ಎಂದು ಮಾತಿನಲ್ಲೇ ಹುಡುಕಿ ಸರಿಮಾಡಬೇಕು. ಅದಕ್ಕೆ ಹೊತ್ತು ಗೊತ್ತುಮಾಡಿಕೊಳ್ಳಿ ಎಂದು ಸಂದೇಶ ಬಂದದ್ದು ಮಧ್ಯಾಹ್ನ ಮೂರಕ್ಕೆ. ಜಾಗ ತುಂಬಿಹೋದರೆ ಎಂಬ ಭಯದಲ್ಲಿ ಅಂಬು ನಾಲ್ಕರವರೆಗೆ ಕಾಯಲಿಲ್ಲ. ಫೋನಿನ ಪರದೆಯಲ್ಲಿ ಎರಡು ಚೌಕ, ಎರಡರೊಳಗೂ ಇರುವೆ ಸಾಲು. ಬೆಳಿಗ್ಗೆ ಎಂದರೆ ಮೊದಲು ಬರುವುದು, ಮೊದಲು ಬರುವುದು ಮೇಲೆ ಇರುತ್ತದೆ ಎಂದು ಲೆಕ್ಕ ಹಾಕಿ ಮೇಲಿನದನ್ನು ಒತ್ತಿದಳು. ನಾಲ್ಕು ಹೊಡೆದ ಮೇಲೆ ನೋಡಿದರೆ ಮೇಲಿನದು ಮಧ್ಯಾಹ್ನ. ಅಲ್ಲಿಂದ ಎರಡನೇ ಬುಧವಾರ, ಮೂರು ಗಂಟೆ. ಬದಲಿಸಬೇಕೆಂದರೆ ಮುಂದಿನ ಸರದಿ ಮೂರು ತಿಂಗಳ ಮೇಲೆ, ಅಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಅವಳು ನಮ್ಮ ಮನೆಗೆ ಬಂದು ನೆಲದ ಮೇಲೆ ಕೂತುಬಿಟ್ಟಳು. "ಅಜ್ಜಿ, ಅವ್ರು ಕೀಬೋರ್ಡ್ ಅಂತಾರೆ, ನಂಗೆ ಗಾಳಿ ಕೇಳುತ್ತೆ. ಕೇಬಲ್ ಅಂತಾರೆ, ಗಾಳಿ. ನಾನೇನಂತ ಸರಿಮಾಡ್ಲಿ?"

"ಕತ್ಲೇಲಿ ಸೀಟು ತೋರ್ಸುವಾಗ ಯಾವ ಹೆಸರು ಹೇಳ್ತಿದ್ದೆ ನೀನು?"

"ಅದು ಬೇರೆ ಅಜ್ಜಿ. ಅಲ್ಲಿ ಟಾರ್ಚ್ ಇತ್ತು, ಜನ ಎದುರಿಗಿದ್ರು."

"ಬುಧವಾರಕ್ಕೆ ಹನ್ನೆರಡು ದಿನ ಐತೆ. ನಾನು ಗಿರಾಕಿ ಆಯ್ತೀನಿ. ದಿನಾ ಎರಡು ಗಂಟೆ ಮೇಲೆ ಮಾತ್ರ. ಎದುರಿಗೆ ಕುಂತ್ಕಳಲ್ಲ, ಗ್ವಾಡೆ ಆಚೆಯಿಂದ ಫೋನ್ ಮಾಡ್ತೀನಿ."

ಟಾಕೀಸಿನ ಟಿಕೆಟ್ ಕೋಣೆಯಲ್ಲಿದ್ದ ಹಳೆಯ ಕಂಪ್ಯೂಟರು ಯಾರಿಗೂ ಬೇಡವಾಗಿ ನಮ್ಮ ಮನೆ ಸೇರಿತ್ತು, ಹಿಟ್ಟಿನ ಡಬ್ಬದ ಮೇಲೆ ಕೂತಿತ್ತು. ಅಂಬು ಅದೇ ರಾತ್ರಿ ಕೂತು ಅದಕ್ಕೆ ಜೀವ ತಂದಳು. ನಾನು ಅದನ್ನು ಕೆಡಿಸಲು ಶುರುಮಾಡಿದೆ. ಮೊದಲ ಕರೆ ಇನ್ನೂ ನೆನಪಿದೆ.

"ನಮಸ್ಕಾರ, ಸಹಾಯಕ್ಕೆ ಅಂಬುಜಾಕ್ಷಿ. ಏನಾಗಿದೆ ಹೇಳಿ."

"ಅಯ್ಯಯ್ಯೋ, ಹೊತ್ಕಂತು ಕಣವ್ವ! ಬೆಳಗೋದು ಹೊತ್ಕಂಡು ಧಗಧಗ ಉರೀತಾ ಐತೆ, ಸುತ್ತಮುತ್ತ ಪೂರಾ ಸುಡ್ತದೆ!"

"ಉರೀತಿದ್ರೆ ನೀವು ನನ್ನ ಕರೀತಿರ್ಲಿಲ್ಲ ಅಜ್ಜಿ, ಓಡ್ತಿದ್ರಿ. ಮುಟ್ಟಿ ನೋಡಿ. ಸುಡ್ತಾ ಇದ್ಯಾ, ಬೆಚ್ಚಗಿದ್ಯಾ?"

"...ಬೆಚ್ಚಗೈತೆ."

"ಅದರ ಮೇಲೆ ಏನಾದ್ರೂ ಇಟ್ಟಿದೀರಾ?"

"ಏನೂ ಇಲ್ಲ."

"ಅಜ್ಜೀ."

"ಮಿಯಾಂವ್ ಅನ್ನೋದು ಒಂದು ಮನಗೈತೆ. ನಾನೇನೂ ಮನಗ್ಸಿಲ್ಲ, ಅದೇ ಬಂತು."

ಹೀಗೆ ದಿನಾ. ಒಂದು ದಿನ ಸಿಕ್ಕಿಸೋದನ್ನು ಕಿತ್ತಿಟ್ಟು, ಸಿಡಿಲು ಬಡಿದು ಸತ್ತುಹೋಯಿತು ಎಂದೆ. ಒಂದು ದಿನ ಅಂಗೈಯಡಿ ಹರಿದಾಡೋದರ ಹೊಟ್ಟೆಗೆ ಹಸಿ ಹಿಟ್ಟು ಮೆತ್ತಿ, ಅದಕ್ಕೆ ಲಕ್ವ ಹೊಡೆದಿದೆ ಎಂದೆ. ಅವಳು ಮೊದಮೊದಲು ರೇಗುತ್ತಿದ್ದಳು, ಆಮೇಲೆ ನಗತೊಡಗಿದಳು. ಕೊನೆಗೆ ನಾನು ಬಾಯಿ ತೆರೆಯುವ ಮೊದಲೇ ನನ್ನ ಉಸಿರು ಕೇಳಿ ಇವತ್ತಿನ ಸುಳ್ಳು ಎಷ್ಟು ಎತ್ತರದ್ದು ಎಂದು ಅಳೆಯುತ್ತಿದ್ದಳು. ಬೊಬ್ಬೆ ಹೊಡೆಯುವವರು ಹೇಳಿದ್ದನ್ನು ಹತ್ತು ಪಾಲು ಮಾಡಿ ಒಂದು ಪಾಲು ನಂಬು ಎಂದು ನಾನೇ ಹೇಳಿಕೊಟ್ಟಿದ್ದೆ. ಸ್ವಲ್ಪ ಎನ್ನುವವರದನ್ನು ಹತ್ತರಷ್ಟು ಮಾಡಿಕೋ. ಮೂರು ಸಲ "ನಾನೇನೂ ಮಾಡಿಲ್ಲ" ಅಂದರೆ ಏನೋ ಚೆಲ್ಲಿದ್ದಾರೆ ಎಂದು ತಿಳಿ. ಇದು ನನ್ನ ಗಂಡನಿಂದ ಕಲಿತದ್ದು. ಅವನು ತುಪ್ಪದ ಗಡಿಗೆ ಒಡೆದ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಹದಿನೇಳು ಸಲ ಹಾಗೆಂದಿದ್ದ. ಬೆಕ್ಕು ಪಾಪ ಅವನನ್ನೇ ನೋಡುತ್ತಿತ್ತು.

ಬುಧವಾರ ಬಂತು. ಪರೀಕ್ಷೆಯ ನಿಯಮ ಅಂಬು ನನಗೆ ಎರಡು ಸಲ ಓದಿ ಹೇಳಿದ್ದಳು: ಕೋಣೆಯಲ್ಲಿ ಇನ್ನೊಬ್ಬರಿರಬಾರದು, ಇನ್ನೊಬ್ಬರ ದನಿ ಕೇಳಿದರೆ ಪರೀಕ್ಷೆ ರದ್ದು ಮಾಡುವ ಹಕ್ಕು ಅವರಿಗುಂಟು. ನಾನು ದೇವರ ಮೇಲೆ ಆಣೆ ಮಾಡಿ ಮನೆಯಲ್ಲೇ ಇರುತ್ತೇನೆ ಎಂದಿದ್ದೆ. ಯಾವ ದೇವರು ಎಂದು ಅವಳು ಕೇಳಿರಲಿಲ್ಲ. ಬೆಳಿಗ್ಗೆಯೇ ಕಂಪ್ಯೂಟರನ್ನು ಅವಳ ಮನೆಗೆ ಸಾಗಿಸಿ, ಮೂರಕ್ಕೆ ಎಲ್ಲಿ ಒತ್ತಬೇಕು ಎಂದು ಗುರುತಿಗೆ ಅವಳ ಹಣೆಯ ಸ್ಟಿಕ್ಕರೊಂದನ್ನು ಪರದೆಯ ಮೇಲೆ ಅಂಟಿಸಿದ್ದೆವು. ಎರಡೂವರೆಗೆ ಅದು ಬಿದ್ದಿದೆಯೇನೋ ನೋಡೋಣ ಎಂದು ಹೋದೆ. ಹೋದವಳು ಹೊರಗೆ ಬರಲಿಲ್ಲ, ಅಷ್ಟೆ. ಅವಳು ಮುಖ ತೊಳೆಯಲು ಹೋದಾಗ ಸುತ್ತಿಟ್ಟ ಹಾಸಿಗೆಗಳ ಹಿಂದೆ ಕೂತುಬಿಟ್ಟೆ.

ಸರಿಯಾಗಿ ಮೂರಕ್ಕೆ ಕಂಪ್ಯೂಟರು ಕೂಗಿತು. ಅಂಬು ಸ್ಟಿಕ್ಕರಿನ ಮೇಲೆ ಒತ್ತಿದಳು. ಒಬ್ಬ ಗಂಡಸಿನ ದನಿ ಬಂತು. ಪರೀಕ್ಷಕರು ಆಗಲೇ ಗಿರಾಕಿಯ ವೇಷ ಹಾಕಿದ್ದರು.

"ನೋಡಿ ಮೇಡಂ, ನನ್ನ … ನಲ್ಲಿ ಒಂದೇ … ಬರ್ತಾನೇ ಇದೆ, ನಿಲ್ತಾನೇ ಇಲ್ಲ. … ತುಂಬಾ ಅದೇ!"

ನಡುನಡುವೆ ಬರೀ ಗಾಳಿ. ಹಾಸಿಗೆಯ ಸಂದಿಯಿಂದ ಅಂಬುವಿನ ಬೆನ್ನು ಕಾಣುತ್ತಿತ್ತು, ರವಿಕೆ ಒದ್ದೆಯಾಗಿತ್ತು. ಮುಗಿಯಿತು, ಇವಳು ಇನ್ನು ಉಪ್ಪಿನಕಾಯಿಗೇ ಎಂದುಕೊಂಡೆ. ಆಗ ಅವಳ ದನಿ ಕೇಳಿತು, ಟಾಕೀಸಿನ ಕತ್ತಲಲ್ಲಿ ಕೇಳುತ್ತಿದ್ದ ದನಿ.

"ಹೆಸರು ಹೇಳ್ಬೇಡಿ ಸರ್. ಅದರಲ್ಲಿ ಏನ್ ಮಾಡ್ತೀರಿ, ಅದನ್ನ ಹೇಳಿ."

"ಹೆಸರು ಬೇಡ್ವಾ?" ಪರೀಕ್ಷಕರು ತಡವರಿಸಿದರು. "ಅದು... ಅದರಲ್ಲಿ ಟೈಪ್ ಮಾಡ್ತೀವಿ."

"ಸಾಲಾಗಿ ಇರುತ್ತಲ್ಲ, ಒತ್ತೋದು. ಅದೇ ತಾನೆ? ಈಗ ನೀವು ಒತ್ತದೇ ಇದ್ರೂ ಬರ್ತಾ ಇದ್ಯಾ?"

"ಒತ್ತದೇ ಇದ್ರೂ ಬರ್ತಿದೆ! ನಾನೇನೂ ಮಾಡಿಲ್ಲ."

"ಯಾವತ್ತಿಂದ?"

"ಇವತ್ತಿಂದಲೇ. ನಾನೇನೂ ಮಾಡಿಲ್ಲ ಮೇಡಂ."

"ಬೇರೆ ಯಾರಾದ್ರೂ ಮುಟ್ಟಿದ್ರಾ?"

"ಯಾರೂ ಇಲ್ಲ. ನಾನಂತೂ ಏನೂ ಮಾಡಿಲ್ಲ."

ಹಾಸಿಗೆಯ ಹಿಂದೆ ನಾನು ಮೂರನೇ ಬೆರಳು ಮಡಚಿದೆ. ಅಂಬು ಕೂಡ ಎಣಿಸುತ್ತಿದ್ದಳು ಎಂದು ಕಾಣುತ್ತದೆ, ಅವಳ ಬೆನ್ನು ನೆಟ್ಟಗಾಯಿತು.

"ಸರ್, ಬಯ್ಯಲ್ಲ. ಕುಡಿಯೋದು ಎಲ್ಲಿಟ್ಕೊಂಡಿದ್ರಿ?"

"...ಪಕ್ಕದಲ್ಲೇ."

"ಬಗ್ಗಿತಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಪೂರ್ತಿ?"

"ಪೂರ್ತಿ."

"ಸಿಹಿ ಹಾಕಿತ್ತಾ? ಸಿಹಿ ಇದ್ರೆ ಅಂಟುತ್ತೆ, ಬೇರೆ ತರ ತೊಳೀಬೇಕು."

"ಅದು... ಅದು ನನಗೆ ಕೊಟ್ಟಿರೋ … ನಲ್ಲಿ ಬರೆದಿಲ್ಲ ಮೇಡಂ."

"ನೆನಪಿಲ್ದಿದ್ರೆ ನೆಕ್ಕಿ ನೋಡಿ ಸರ್."

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅದು ಸಾಲಲಿಲ್ಲ. ನಗು ಮೂಗಿನಿಂದ, ಕಿವಿಯಿಂದ, ಎಲ್ಲೆಲ್ಲಿಂದಲೋ ಹೊರಟಿತು. ಹಾಸಿಗೆಯ ಸುರುಳಿಗಳು ನನ್ನೊಂದಿಗೆ ಅಲುಗಾಡಿ ಒಂದೊಂದಾಗಿ ಉರುಳಿದವು.

"ಯಾರದು?" ಪರೀಕ್ಷಕರ ವೇಷ ಕಳಚಿತ್ತು. "ಮೇಡಂ, ನಿಮ್ಮ ಜೊತೆ ಇನ್ಯಾರಿದ್ದಾರೆ?"

ಇದೇ ಜಾಗದಲ್ಲಿ ನಾನಾಗಿದ್ದರೆ ರೇಡಿಯೋ ಎನ್ನುತ್ತಿದ್ದೆ, ಎಮ್ಮೆ ಎನ್ನುತ್ತಿದ್ದೆ. ಹೆಸರಿಲ್ಲದ ಹೊತ್ತಾದರೇನು, ಹಾಡೋದು ಎನ್ನಬಹುದಿತ್ತು. ಅಂಬು ಮಾತ್ರ ತಿರುಗಿ ನನ್ನನ್ನು ನೋಡಿ, ಮತ್ತೆ ಆ ಕಡೆ ತಿರುಗಿದಳು.

"ಪಕ್ಕದ ನಿಂಗಾಜಮ್ಮಜ್ಜಿ ಸರ್. ಇರಬಾರದು ಅಂತ ಗೊತ್ತು. ಬಂದಿದ್ದು ನಂಗೆ ಗೊತ್ತಿರ್ಲಿಲ್ಲ. ನಂಗೇನೂ ಹೇಳಿಕೊಟ್ಟಿಲ್ಲ, ಅವ್ರಿಗೆ ಏನೂ ಬರಲ್ಲ."

"ಏನೂ ಬರಲ್ವಾ?" ನನಗೆ ತಡೆಯಲಾಗಲಿಲ್ಲ. "ನಾನೂರು ಸಲ ಕೆಡಿಸಿವ್ನಿ ಕಣೇ! ಬರಲ್ವಂತೆ!"

"ಕೆಡಿಸೋದು ಅಂದ್ರೆ?" ಎಂದರು ಪರೀಕ್ಷಕರು.

"ದಿನಾ ನಂಗೆ ಸುಳ್ಳು ಹೇಳ್ತಾರೆ ಸರ್," ಎಂದಳು ಅಂಬು. "ಅದರೊಳಗೆ ನಿಜ ಎಲ್ಲಿದೆ ಅಂತ ನಾನು ಹುಡುಕ್ತೀನಿ. ಹಂಗೇ ಕಲ್ತಿದ್ದು."

ಆ ಕಡೆಯಿಂದ ಪೆನ್ನು ಗೀಚುವ ಸದ್ದು ಬಂತು. ಬಹಳ ಹೊತ್ತು ಗೀಚಿತು, ಒಂದು ರಾಮಾಯಣ ಬರೆದು ಮುಗಿಸಬಹುದಿತ್ತು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡು ಮತ್ತೆ ಗಿರಾಕಿಯ ದನಿ ತೆಗೆದರು.

"ಮುಗಿಸಿ ಮೇಡಂ. ನಂದು ಇನ್ನೂ ಸರಿಹೋಗಿಲ್ಲ."

ಅಂಬು ಮುಗಿಸಿದಳು. ಮೊದಲು ಆರಿಸಿ, ಆಮೇಲೆ ಕೀಳಿ, ತಲೆಕೆಳಗೆ ಮಾಡಿ, ಒದ್ದೆಯಾದದ್ದರಲ್ಲಿ ಒರೆಸಿ, ಒಣಗಲು ಬಿಡಿ, ಅಲ್ಲಿಯವರೆಗೆ ಬೇರೆ ಒತ್ತೋದನ್ನು ಸಿಕ್ಕಿಸಿಕೊಳ್ಳಿ, ನಾಳೆ ನಾನೇ ಕರೆದು ವಿಚಾರಿಸುತ್ತೇನೆ. ಒಂದೊಂದು ಮಾತಿಗೂ ನಿಂತು, ಅವರು ಹೂಂ ಎಂದ ಮೇಲೆ ಮುಂದಿನ ಮಾತು. ಕರೆ ನಿಂತಿತು. ಪರದೆಯ ಮೇಲೆ ಎರಡು ಸಾಲು ಮೂಡಿತು. ಗಡಿಯಾರದಲ್ಲಿ ಮೂರೂ ಇಪ್ಪತ್ತೈದು.

ಫಲಿತಾಂಶ ಎದುರಿಗಿದೆ, ಇಬ್ಬರಿಗೂ ಓದಲು ಬರುವುದಿಲ್ಲ. ಅಂಕಿಯಾದರೂ ಇದ್ದಿದ್ದರೆ! ಮೇಲಿನ ಸಾಲು ದಪ್ಪ, ಕೆಳಗಿನದು ಉದ್ದ. ಅಂಬು ಹತ್ತಿರ ಹೋಗಿ ನೋಡಿದಳು, ದೂರ ನಿಂತು ನೋಡಿದಳು, ಒಂದು ಕಣ್ಣು ಮುಚ್ಚಿ ನೋಡಿದಳು. ಇರುವೆಗಳು ಇರುವೆಗಳಾಗಿಯೇ ಉಳಿದವು.

ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೈಯಲಿಲ್ಲ. ಉರುಳಿದ ಹಾಸಿಗೆಗಳನ್ನು ಸುತ್ತಿಟ್ಟಳು. ನನ್ನ ಪಕ್ಕದಲ್ಲಿ ಕೂತಳು. ಮೂವತ್ತೈದು ನಿಮಿಷ ಬಾಯಿ ಮುಚ್ಚಿಕೊಂಡು ಕೂತದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಇದರಲ್ಲಿ ಅರ್ಧವೂ ಸುಳ್ಳಿಲ್ಲ. ಅರ್ಧ ಗಂಟೆ ನಗದೆ ಇರಲಾಗದ ಒಂದು ಮುದಿ ಬಾಯಿಯಿಂದಾಗಿ ಈ ಹೆಣ್ಣು ಮುಚ್ಚಳ ತಿರುಗಿಸಲು ಹೋಗುತ್ತಾಳೆ ಎಂದು ನೆನೆದರೆ ಎಲೆಯಡಿಕೆ ಕೂಡ ಕಹಿಯಾಯಿತು.

ಕೊನೆಗೆ ಅವಳೇ ಅಂದಳು, "ಹೋಗ್ಲಿ ಬಿಡಿ ಅಜ್ಜಿ. ಅಕ್ಕ ಇರೋ ಕಡೇನೂ ಮನುಷ್ಯರೇ ಇರೋದು."

"ಅವ್ರೆ. ಆದ್ರೆ ನಿಂಗೆ ಸುಳ್ಳು ಹೇಳೋಕೆ ಅಲ್ಲಿ ಯಾರವ್ರೆ?" ಎಂದೆ. ಅವಳು ನಕ್ಕಳು, ನನಗೆ ಅಳು ಬಂತು, ಅದನ್ನು ನೋಡಿ ಅವಳಿಗೂ ಬಂತು. ಇಬ್ಬರ ಕಣ್ಣೀರಿನಲ್ಲಿ ಮನೆ ಮೊಳಕಾಲುದ್ದ ತುಂಬಿತು. ಅಂಗೈಯಷ್ಟು ಒದ್ದೆಯಾದದ್ದಂತೂ ಹೌದು.

ನಾಲ್ಕು ಗಂಟೆಗೆ ಹೆಸರುಗಳು ಬರತೊಡಗಿದವು. ಯಾವಾಗಲೂ ಹಾಗೇ, ಹತ್ತಿರದ್ದು ಮೊದಲು. ಬಳೆ ಬಂತು, ಸೆರಗು ಬಂತು, ಚಾಪೆ ಬಂತು, ಕಿಟಕಿ ಬಂತು. ಅಂಬು ಎದ್ದು ಪರದೆಯ ಮುಂದೆ ನಿಂತಳು. ದಪ್ಪ ಸಾಲು ಮೊದಲು ಬಿಡಿಸಿಕೊಂಡಿತು. ಅವಳು ಓದಿದಳು, ಮತ್ತೆ ಓದಿದಳು, ಆಮೇಲೆ ಒಂದು ಕೂಗು ಹಾಕಿದಳು ನೋಡಿ, ಬೀದಿಯ ಹೆಂಚುಗಳೆಲ್ಲ ಹಾರಿದವು. ಜಗುಲಿಯಲ್ಲಿ ತೂಕಡಿಸುತ್ತಿದ್ದ ವಾಮನಾಚಾರಿ ಎದ್ದು ಬಂದು, "ಏನಾಯ್ತು, ಯಾರಿಗೇನಾಯ್ತು?" ಎಂದ. "ಪಾಸಾಯ್ತು ಕಣಯ್ಯ!" ಎಂದಳು ಅವಳು. ಹಿಂದೆಂದೂ ಅವನನ್ನು ಅಯ್ಯ ಎಂದವಳಲ್ಲ. ನನ್ನನ್ನು ಸೊಂಟಕ್ಕೆ ಕೈಹಾಕಿ ಎತ್ತಿ ಮೂರು ಸುತ್ತು ತಿರುಗಿಸಿದಳು, ನನ್ನ ಎಲೆಯಡಿಕೆ ಚೀಲ ಒಂದು ಮೂಲೆಗೆ, ಚಪ್ಪಲಿ ಇನ್ನೊಂದು ಮೂಲೆಗೆ.

ನನ್ನನ್ನು ಕೆಳಗಿಳಿಸಿದ ಮೇಲೆ ಅವಳಿಗೆ ಎರಡನೇ ಸಾಲು ನೆನಪಾಯಿತು. ಅಷ್ಟರಲ್ಲಿ ಅದೂ ಅಕ್ಷರವಾಗಿತ್ತು. ಪರೀಕ್ಷಕರು ತಾವೇ ಬರೆದ ಟಿಪ್ಪಣಿ. ಅಂಬು ಓದುತ್ತ ಓದುತ್ತ ನನ್ನ ಕಡೆ ನೋಡಿದಳು, ಬಾಯಿಗೆ ಕೈ ಅಡ್ಡ ಇಟ್ಟಳು, ನೆಲಕ್ಕೆ ಕುಸಿದು ನಕ್ಕಳು. ವಾಮನಾಚಾರಿ ಬಗ್ಗಿ ಓದಿ, ನನಗೆ ಕೈಮುಗಿದ.

"ಏನಂತೆ ಕಣ್ರೋ, ನಂಗೂ ಹೇಳ್ರೋ!" ಎಂದು ನಾನು ಬಡಿದಾಡಿದೆ. ಅದು ನನ್ನ ಬಗ್ಗೆಯೇ ಬರೆದದ್ದು. ಏನೆಂದು ನಾನು ಹೇಳುವುದಿಲ್ಲ, ಇಷ್ಟು ಹೊತ್ತು ಕೇಳಿದ್ದೀರಿ, ನೀವೇ ಹೇಳಿ. ಸುಳಿವು ಬೇಕಾದರೆ ಇದೊಂದು ತೆಗೆದುಕೊಳ್ಳಿ: ಮಂಗಳವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಮ್ಮ ಮನೆ ಬಾಗಿಲು ಬಡಿಯಬೇಡಿ. ಬಡಿದರೂ ತೆಗೆಯುವುದಿಲ್ಲ. ಆ ಹೊತ್ತಿನಲ್ಲಿ ಫೋನಿನ ಆ ಕಡೆ ಗುರುತು ಪರಿಚಯವಿಲ್ಲದ ಆರು ಜನ ಪರೀಕ್ಷೆಗೆ ಬೆವರುತ್ತ ಕೂತಿರುತ್ತಾರೆ, ಈ ಕಡೆ ನನ್ನ ಕಂಪ್ಯೂಟರು ಹೊತ್ತಿಕೊಂಡು ಧಗಧಗ ಉರಿಯುತ್ತಿರುತ್ತದೆ. ಹಾಗಾದರೆ ಆ ಎರಡನೇ ಸಾಲಿನಲ್ಲಿ ಏನು ಬರೆದಿತ್ತು? ಹೂಂ, ಹೇಳಿ ನೋಡೋಣ.